ಚನ್ನಗಿರಿ ಸೀಮೆಯ ಹೆಸರಾಂತರು

ಒಂದು ಸೀಮೆಯ ಹೆಸರಾಂತರನ್ನು ಎಣಿಸಹೊರಟಾಗ, ಅಲ್ಲಿ ಹುಟ್ಟಿದವರನ್ನಷ್ಟೇ ಹಿಡಿಯಬೇಕೋ, ಬಂದು ಮಣ್ಣಾದವರನ್ನೂ ಸೇರಿಸಬೇಕೋ ಎಂಬ ಪ್ರಶ್ನೆ ಏಳುತ್ತದೆ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿಯಿದೆ. ಬೇಟೆಯಲ್ಲಿ ಕುದುರೆಯಿಂದ ಬಿದ್ದು ಆತನು 1664ರಲ್ಲಿ ಮಡಿದನು. ಅದೇ ಹೊದಿಗೆರೆಯಲ್ಲಿ 1944ರಲ್ಲಿ ಹುಟ್ಟಿದವರು ಕವಿ ಎಚ್. ಎಸ್. ವೆಂಕಟೇಶಮೂರ್ತಿಯವರು. 2020ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, 2025ರಲ್ಲಿ ತೀರಿಕೊಂಡರು.

ಆದರೆ ನಾವು ವಿದ್ಯಾರ್ಥಿಗಳು ಮುಖ್ಯವಾಗಿ ವಿಚಾರಿಸಬೇಕಾದವರು ಇದೇ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರನ್ನು. ಸಮಾಜವಾದಿಯಾಗಿದ್ದ ಅವರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಭಾಷಣ ಮಾಡಿದರು. ಸಂವಿಧಾನದ 120ನೆಯ ವಿಧಿಯಂತೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾರದ ಸದಸ್ಯನಿಗೆ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತನಾಡಲು ಅನುಮತಿ ಕೊಡಬಹುದು. ಪಟೇಲರೋ ಕಾನೂನು ಪದವೀಧರರು, ಇಂಗ್ಲಿಷನ್ನು ಬಲ್ಲವರು! ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇಂಗ್ಲಿಷ್ ತರಗತಿಯಲ್ಲಿ ಬಾಯಿ ತೆರೆಯಲು ಅಂಜುವ ನನ್ನಂಥವರಿಗೆ ಇದು ಸಣ್ಣ ಸಂಗತಿಯಲ್ಲ. ಬೇರೆ ಭಾಷೆ ಬಾರದೆ ಕನ್ನಡವಾಡುವುದು ಒಂದು ಬಗೆ, ಬಂದೂ ಕನ್ನಡವನ್ನೇ ಆಡುವುದು ಇನ್ನೊಂದು.

ಅದೇ ಲೋಕಸಭೆಯಲ್ಲಿ ಚಿತ್ರದುರ್ಗದ ಸದಸ್ಯರಾಗಿದ್ದವರು, ಸ್ವತಂತ್ರ ಪಕ್ಷದ ಜೆ. ಮೊಹಮ್ಮದ್ ಇಮಾಂ ಸಾಹೇಬರು, ಜಗಳೂರಿನವರು. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಚನ್ನಗಿರಿ ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ಎರಡೂ ಹೊಸ ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ. ಆಗ ಮುಖ್ಯಮಂತ್ರಿಗಳಾಗಿದ್ದವರು ಪಟೇಲರೇ.