ಗುರಿಯರಿತ ಮದ್ದು

ಕಳೆದ ವರ್ಷ ನನ್ನ ಸೋದರತ್ತೆಯವರ ಎದೆಯ ಗಂಟಿನ ಪರೀಕ್ಷೆಯ ವರದಿಯನ್ನು ಮನೆಯವರು ನನ್ನ ಕೈಗಿತ್ತು, “ಓದಿದವನಲ್ಲವೇ, ಏನು ಬರೆದಿದ್ದಾರೆ ನೋಡಪ್ಪ” ಎಂದರು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದರಲ್ಲಿದ್ದ ‘ಹರ್-ಟು, ಮೂರು ಪ್ಲಸ್’ ಎಂಬುದು ಅರ್ಥವಾಗಲಿಲ್ಲ. ಬಳಿಕ ಓದಿ, ವೈದ್ಯರನ್ನು ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಹರ್-ಟು ಎಂಬುದು ಜೀವಕೋಶದ ಹೊರಮೈಯಲ್ಲಿರುವ ಒಂದು ಪ್ರೋಟೀನು. ‘ಬೆಳೆ’ ಎಂಬ ಸೂಚನೆಯನ್ನು ಕೋಶದೊಳಕ್ಕೆ ಮುಟ್ಟಿಸುವುದು ಅದರ ಕೆಲಸ. ಸ್ತನದ ಕ್ಯಾನ್ಸರುಗಳಲ್ಲಿ ನೂರಕ್ಕೆ ೧೫ರಿಂದ ೨೦ರಷ್ಟರಲ್ಲಿ ಇದು ಮಿತಿಮೀರಿ ತುಂಬಿರುತ್ತದೆ. ಅಂಥ ರೋಗವು ಬೇಗ ಹಬ್ಬುವುದೆಂದು ೧೯೮೭ರಲ್ಲಿ ಅಮೆರಿಕದ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು ತೋರಿಸಿದರು. ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೈನರು ೧೯೭೫ರಲ್ಲಿಯೇ ಕಂಡುಹಿಡಿದಿದ್ದರು. ಇವೆರಡೂ ಕೂಡಿ ಹುಟ್ಟಿದ ಮದ್ದೇ ಟ್ರಾಸ್ಟುಜುಮಾಬ್. ಅಮೆರಿಕದಲ್ಲಿ ಅದಕ್ಕೆ ೧೯೯೮ರಲ್ಲಿ ಅನುಮತಿ ದೊರೆಯಿತು. ಅದು ಹರ್-ಟುವಿಗೆ ಅಂಟಿಕೊಂಡು ಬೆಳವಣಿಗೆಯ ಸೂಚನೆಯನ್ನು ತಡೆಯುತ್ತದೆ. ದೇಹದ ರಕ್ಷಕ ಕೋಶಗಳಿಗೆ ಶತ್ರುವಿನ ಗುರುತನ್ನೂ ಹೇಳುತ್ತದೆ. ಆದುದರಿಂದ ಪರೀಕ್ಷೆ ಮೊದಲು, ಮದ್ದು ಅನಂತರ. ‘ಮೂರು ಪ್ಲಸ್’ ಎಂದರೆ ಹರ್-ಟು ಅಧಿಕವೆಂದು. ‘ಎರಡು ಪ್ಲಸ್’ ಬಂದರೆ ಇನ್ನೊಂದು ಪರೀಕ್ಷೆ ಮಾಡಿ ನಿಶ್ಚಯಿಸುತ್ತಾರೆ. ನೆರೆಮನೆಯವರಿಗೆ ಗುಣವಾಯಿತೆಂದು ನಮಗೂ ಅದೇ ಬೇಕೆಂದು ಕೇಳಿ ಪಡೆಯುವ ಮದ್ದಲ್ಲ ಇದು.

ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಇದರ ಸಮಾನ ಮದ್ದನ್ನು ೨೦೧೪ರಲ್ಲಿ ಮೂಲದ್ದಕ್ಕಿಂತ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಆದರೂ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಕಾಲ ಕೊಡಬೇಕಾದ ಮದ್ದು, ಬಡವರಿಗೆ ಹಗುರವಲ್ಲ.

ಗುರಿಯರಿತ ಮದ್ದೆಂದರೆ ಅಪಾಯವೇ ಇಲ್ಲವೆಂದು ನಾನು ಎಣಿಸಿದ್ದೆ. ಅದು ತಪ್ಪು. ಮೊದಲ ಸಲ ಚಳಿಜ್ವರ ಬರುವುದುಂಟು. ಅದಕ್ಕಾಗಿ ಒಂದೂವರೆ ಗಂಟೆಯ ಕಾಲ ನಿಧಾನವಾಗಿ ಹನಿಸುತ್ತಾರೆ. ಗರ್ಭಿಣಿಯರಿಗೆ ಕೂಡದು, ಶಿಶುವಿಗೆ ಹಾನಿ. ಎಲ್ಲಕ್ಕಿಂತ ಮುಖ್ಯವಾದುದು ಹೃದಯ. ಅದರ ಸ್ನಾಯುವಿಗೂ ಹರ್-ಟು ಬೇಕಷ್ಟೆ! ಕೆಲವರಲ್ಲಿ ಹೃದಯವು ರಕ್ತವನ್ನು ನೂಕುವ ಶಕ್ತಿ ಕುಗ್ಗುತ್ತದೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಮದ್ದನ್ನು ಪಡೆದವರಲ್ಲಿ ಇದು ಹೆಚ್ಚು. ಆದ್ದರಿಂದ ಆರಂಭದಲ್ಲೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಎಕೋ ಪರೀಕ್ಷೆ ನಡೆಸುತ್ತಾರೆ. ಮದ್ದು ನಿಲ್ಲಿಸಿದರೆ ಬಹುಮಟ್ಟಿಗೆ ಹೃದಯವು ಚೇತರಿಸಿಕೊಳ್ಳುತ್ತದೆ.

ಅತ್ತೆಯವರಿಗೂ ಹಾಗೆಯೇ ಕೆಲವು ವಾರ ಮದ್ದು ನಿಂತಿತು. ಹಣ ಸಾಲದೆ ನಿಲ್ಲಿಸಿದರೆಂದು ತಿಳಿದು ಅವರು ಊಟ ಬಿಟ್ಟರು. ನಾನು ಎಕೋ ವರದಿಯನ್ನು ಮುಂದಿಟ್ಟು, ಹೃದಯ ದಣಿದಿದೆ, ಸುಧಾರಿಸಿದ ಮೇಲೆ ಮತ್ತೆ ಕೊಡುತ್ತಾರೆ ಎಂದು ವಿವರಿಸಿದೆ.

“ಇಷ್ಟೇನಾ? ಇದನ್ನು ಅವತ್ತೇ ಹೇಳಬಾರದಿತ್ತೇನೋ” ಎಂದು ಎದ್ದು ಕುಳಿತರು.