ಕಾವಿಗೆ ಕೂತ ಕೋಳಿಯ ಲೆಕ್ಕ

ಕೋಳಿ ಕಾವಿಗೆ ಕೂತರೆ 21 ದಿನ. ನೋಡುವವರಿಗೆ ಅದು ಸುಮ್ಮನೆ ಕೂತಂತೆ ಕಾಣುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ಇಂಥ ಕೋಳಿಗೆ ‘ಕುಡಕ್ ಮುರ್ಗಿ’ ಎನ್ನುತ್ತಾರೆ. ಅದು ಮೊಟ್ಟೆ ಇಡುವುದನ್ನು ನಿಲ್ಲಿಸುವುದರಿಂದ ಮೊಟ್ಟೆ ಮಾರುವವರಿಗೆ ನಷ್ಟ. ಆದರೆ ಕೋಳಿಗೆ ಎಷ್ಟು ಖರ್ಚು? ನಾನು ವಾಣಿಜ್ಯ ವಿಭಾಗದವಳು. ಜೀವಶಾಸ್ತ್ರದವರು ಕ್ಷಮಿಸಿ, ಈ ಲೆಕ್ಕವನ್ನು ನಮ್ಮ ರೀತಿಯಲ್ಲೇ ಬರೆಯುತ್ತೇನೆ.

ಮೊದಲು ಶಾಖದ ಖರ್ಚು. ಮೊಟ್ಟೆಗೆ ಸುಮಾರು 37.5 ಡಿಗ್ರಿ ಬೇಕು. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಕಾವಿನ ದಿನಗಳಲ್ಲಿ ಅದರ ಎದೆಯ ಅಡಿಯ ಪುಕ್ಕ ಉದುರಿ ಚರ್ಮ ಬರಿದಾಗುತ್ತದೆ, ಅಲ್ಲಿ ರಕ್ತ ಹೆಚ್ಚು ಹರಿಯುತ್ತದೆ. ಹೀಗೆ ಬಿಸಿ ನೇರವಾಗಿ ಮೊಟ್ಟೆಗೆ ತಾಗುತ್ತದೆ. ಆರಂಭದಲ್ಲಿ ಪೂರ್ತಿ ಭಾರ ತಾಯಿಯದು. ಕೊನೆಯ ದಿನಗಳಲ್ಲಿ ಒಳಗಿನ ಮರಿಯೂ ಸ್ವಲ್ಪ ಶಾಖ ಕೊಟ್ಟು ಪಾಲುದಾರನಂತಾಗುತ್ತದೆ.

ತಾಯಿ ಮೇವಿಗೆ ಎದ್ದು ಹೋದಾಗ ಮೊಟ್ಟೆ ತಣ್ಣಗಾಗುತ್ತದೆ. 50 ಗ್ರಾಂನ 12 ಮೊಟ್ಟೆ, ಅಂದರೆ 600 ಗ್ರಾಂ, 5 ಡಿಗ್ರಿ ತಣಿಯಿತು ಎಂದುಕೊಳ್ಳಿ. ಮೊಟ್ಟೆಯನ್ನು ನೀರಿನಂತೆ ಎಣಿಸಿದರೆ ಮತ್ತೆ ಬಿಸಿ ಮಾಡಲು 3 ಕಿಲೋಕ್ಯಾಲರಿ ಸಾಕು. ಅದು ಹೆಚ್ಚುಕಡಿಮೆ ಒಂದು ಗ್ರಾಂ ಜೋಳದಲ್ಲಿರುವ ಶಕ್ತಿ, ಅಷ್ಟೇ! ಉಳಿದ ಹೊತ್ತು ಬೇಕಾಗುವ ಶಾಖ ಬಹುಪಾಲು ಹೇಗೂ ಮೈಯಿಂದ ಹೊರಹೋಗುವ ಬಿಸಿಯಿಂದಲೇ ಸಿಗುತ್ತದೆ, ನಮ್ಮ ಸೆಕೆಯಲ್ಲಂತೂ ಸರಿಯೇ. (ಚಳಿ ಪ್ರದೇಶದ ಪುಟ್ಟ ಹಕ್ಕಿಗಳ ಮಾತು ಬೇರೆ, ಅವು ಹೆಚ್ಚು ಉರಿಸಬೇಕು.) ಹಾಗಾದರೆ ಕಾವಿನ ಕೋಳಿ ಸೊರಗುವುದೇಕೆ?

ಉತ್ತರ ನಮ್ಮ ಅರ್ಥಶಾಸ್ತ್ರದಲ್ಲಿದೆ: ಅವಕಾಶ ವೆಚ್ಚ. ಕೂತ ಕೋಳಿ ಕೆರೆದು ತಿನ್ನುವ ಹಾಗಿಲ್ಲ. ಆದಾಯ ನಿಂತಿತು, ಜೀವ ಹಿಡಿದುಕೊಳ್ಳುವ ಖರ್ಚು ನಿಲ್ಲಲಿಲ್ಲ. ಮೈಯ ಕೊಬ್ಬೇ ಬಂಡವಾಳ, ಅದೇ ಕರಗುತ್ತದೆ. ಅದಕ್ಕೇ ನಾನಿ ಬುಟ್ಟಿಯ ಪಕ್ಕದಲ್ಲೇ ಕಾಳು, ನೀರು ಇಡುತ್ತಾರೆ. ಮನೆಯಲ್ಲೇ ಇರುವ ಹೆಂಗಸರಿಗೆ ಏನು ಕಷ್ಟ ಎಂದು ಯಾರಾದರೂ ಕೇಳಿದರೆ ಈ ಕೋಳಿಯನ್ನೇ ತೋರಿಸುತ್ತಾರೆ.

ಈ ಲೆಕ್ಕ ಅತಿ ಬಿಗಿಯಾಗಿರುವುದು ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್‌ನಲ್ಲಿ. ಹೆಣ್ಣು ಒಂದೇ ಮೊಟ್ಟೆ ಇಟ್ಟು ಸಮುದ್ರಕ್ಕೆ ಮೇಯಲು ಹೋಗುತ್ತದೆ. ಗಂಡು ಅದನ್ನು ಪಾದಗಳ ಮೇಲಿಟ್ಟುಕೊಂಡು ಚಳಿಗಾಲದ ಕತ್ತಲಲ್ಲಿ ಸುಮಾರು 65 ದಿನ ಕಾವು ಕೊಡುತ್ತದೆ. ಜೋಡಿಯಾಗುವ ದಿನಗಳೂ ಸೇರಿದರೆ ಸುಮಾರು 115 ದಿನ ಅದಕ್ಕೆ ಊಟವಿಲ್ಲ, ತೂಕದಲ್ಲಿ ಶೇಕಡಾ 40ರಷ್ಟು ಇಳಿದುಹೋಗುತ್ತದೆ. ಖರ್ಚು ತಗ್ಗಿಸಲು ಗಂಡುಗಳೆಲ್ಲ ಒತ್ತೊತ್ತಾಗಿ ಗುಂಪುಗೂಡಿ ನಿಲ್ಲುತ್ತವೆ. ಹೆಣ್ಣು ಬರುವುದು ತೀರಾ ತಡವಾಗಿ, ಕೊಬ್ಬು ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಗಂಡು ಆ ಮೊಟ್ಟೆಯನ್ನು ಹಿಮದ ಮೇಲೆ ಬಿಟ್ಟು ಸಮುದ್ರದ ಕಡೆಗೆ ನಡೆಯುತ್ತದೆ.