ಮಾತಿನ ಪರೀಕ್ಷೆಯೂ ನಮ್ಮ ನಾಲಗೆಯೂ

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಓದುವ ಅನೇಕ ವಿದ್ಯಾರ್ಥಿಗಳು ಇಂಗ್ಲಿಷನ್ನು ತಪ್ಪಿಲ್ಲದೆ ಬರೆಯಬಲ್ಲರು. ಆದರೆ ಪರೀಕ್ಷಕರು ಎದುರಿಗೆ ಕುಳಿತು, ‘ನಿಮ್ಮ ಊರಿನ ವಿಷಯವಾಗಿ ಹೇಳಿ’ ಎಂದೊಡನೆ ಅವರ ಬಾಯಿ ಕಟ್ಟುತ್ತದೆ. ತಮ್ಮ ನಾಲಗೆಯಲ್ಲೇ ಏನೋ ದೋಷವಿದೆಯೆಂದು ಅವರು ಭಾವಿಸುವುದುಂಟು. ಅದು ದೋಷವಲ್ಲ, ಕನ್ನಡವು ಬಾಲ್ಯದಿಂದ ನಾಲಗೆಗೆ ಕಲಿಸಿದ ಅಭ್ಯಾಸ. ಅಭ್ಯಾಸದಿಂದ ಬಂದುದಕ್ಕೆ ಅಭ್ಯಾಸದಿಂದಲೇ ಹೊಸದನ್ನು ಕೂಡಿಸಬಹುದು. ಅದು ಹೇಗೆಂಬುದನ್ನು ನೋಡೋಣ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ವಿದೇಶದಲ್ಲಿ ವ್ಯಾಸಂಗ ಮಾಡಬಯಸುವವರಲ್ಲಿ ಅನೇಕರು ತೆಗೆದುಕೊಳ್ಳುವ ಐಇಎಲ್‌ಟಿಎಸ್ ಪರೀಕ್ಷೆಯು 1989ರಲ್ಲಿ ಆರಂಭವಾಯಿತು. ಅದರ ಮಾತಿನ ಭಾಗಕ್ಕೆ 11ರಿಂದ 14 ನಿಮಿಷಗಳ ಕಾಲ. ಮೊದಲು ಮನೆ, ಓದು ಮುಂತಾದ ಪರಿಚಿತ ಸಂಗತಿಗಳನ್ನು ಕುರಿತ ಪ್ರಶ್ನೆಗಳು. ಅನಂತರ, ಕೊಟ್ಟ ವಿಷಯವನ್ನು 1 ನಿಮಿಷ ಯೋಚಿಸಿ, 1ರಿಂದ 2 ನಿಮಿಷ ಮಾತನಾಡಬೇಕು. ಕಡೆಗೆ ಆ ವಿಷಯಕ್ಕೆ ಸಂಬಂಧಿಸಿದ ಚರ್ಚೆ. ಮಾತಿನ ಓಘ ಮತ್ತು ಹೊಂದಿಕೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ 4 ಅಂಶಗಳಿಗೂ ಸಮಾನವಾದ ಬೆಲೆ. ಆಂಗ್ಲರ ಧಾಟಿಯನ್ನು ಅನುಕರಿಸಬೇಕೆಂಬ ನಿಯಮವಿಲ್ಲ. ಕೇಳುವವರಿಗೆ ಮಾತು ಶ್ರಮವಿಲ್ಲದೆ ತಿಳಿಯಬೇಕು.

ಇನ್ನು ನಾಲಗೆಯ ಅಭ್ಯಾಸಕ್ಕೆ ಬರೋಣ. ಹಳಗನ್ನಡದ ‘ಪಾಲ್’ ಎಂಬ ಶಬ್ದ ಕಾಲಕ್ರಮದಲ್ಲಿ ‘ಹಾಲು’ ಆಯಿತು. ಮಂಡ್ಯ ಸೀಮೆಯ ಆಡುಮಾತಿನಲ್ಲಿ ಆ ಹಕಾರವೂ ಬಿದ್ದು ‘ಆಲು’ ಎಂದು ಕೇಳಿಬರುತ್ತದೆ. ಇದರಲ್ಲಿ ನಾಚಬೇಕಾದುದೇನೂ ಇಲ್ಲ. ಲಂಡನ್ನಿನ ಶ್ರಮಜೀವಿಗಳ ಮಾತಿನಲ್ಲಿಯೂ ಹಕಾರ ಬೀಳುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಹೀಟ್’ ಎಂದರೆ ಕಾಯಿಸು, ‘ಈಟ್’ ಎಂದರೆ ತಿನ್ನು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಈ ಎರಡನ್ನೂ ಹೇಳಿ ನೋಡೋಣ. ‘ಹೀಟ್’ ಎನ್ನುವಾಗ ಶಬ್ದದ ಮೊದಲಿಗೇ ಬಿಸಿಯುಸಿರು ತಾಗಬೇಕು.

‘ಪಾಲ್’ ಶಬ್ದವು ‘ಹಾಲು’ ಆದಾಗ ಕೊನೆಗೊಂದು ಉಕಾರವೂ ಸೇರಿದುದನ್ನು ಗಮನಿಸಬೇಕು. ಹೊಸಗನ್ನಡದ ಶಬ್ದಗಳು ಸಾಮಾನ್ಯವಾಗಿ ಸ್ವರದಲ್ಲಿಯೇ ಮುಗಿಯುತ್ತವೆ. ಆದುದರಿಂದಲೇ ‘ಬಸ್’ ನಮಗೆ ‘ಬಸ್ಸು’. ಇಂಗ್ಲಿಷಿನಲ್ಲಿ ಹೇಳುವಾಗ ಸಕಾರವನ್ನು ಎಳೆದು, ಮತ್ತೆ ದನಿಗೂಡಿಸದೆ ನಿಲ್ಲಿಸುವುದನ್ನು ಅಭ್ಯಾಸ ಮಾಡೋಣ.

ಮೂರನೆಯದು, ಅಚ್ಚಗನ್ನಡ ಶಬ್ದಗಳಲ್ಲಿಲ್ಲದ ಒಂದು ಧ್ವನಿ. ಬೆರಳನ್ನು ಗಂಟಲಿನ ಮೇಲಿಟ್ಟು ‘ಸ್ಸ್ಸ್’ ಎಂದರೆ ಕಂಪನವಿರದು. ನಾಲಗೆಯನ್ನು ಅಲುಗಿಸದೆ ದನಿಯನ್ನು ಕೂಡಿಸಿದರೆ ಗಂಟಲು ಕಂಪಿಸಿ, ದುಂಬಿಯ ಮೊರೆತದಂತಹ ಧ್ವನಿ ಹೊರಡುತ್ತದೆ. ಮೃಗಾಲಯವೆಂಬ ಅರ್ಥದ ‘ಝೂ’ ಶಬ್ದದ ಮೊದಲಿಗೆ ಬೇಕಾದುದು ಈ ಧ್ವನಿಯೇ, ನಮ್ಮ ಜಕಾರವಲ್ಲ.

ಕಡೆಯದು ಒತ್ತು. ಕನ್ನಡದಲ್ಲಿ ಅಕ್ಷರಗಳಿಗೆ ಬಹುಮಟ್ಟಿಗೆ ಸಮನಾದ ತೂಕ. ಇಂಗ್ಲಿಷಿನಲ್ಲಿ ಹಾಗಲ್ಲ. ‘ರೆಕಾರ್ಡ್’ ಶಬ್ದದ ಮೊದಲ ಭಾಗವನ್ನು ಒತ್ತಿದರೆ ದಾಖಲೆ, ಎರಡನೆಯದನ್ನು ಒತ್ತಿದರೆ ದಾಖಲಿಸು. ಹೊಸ ಶಬ್ದವನ್ನು ಕಲಿಯುವಾಗ ಅದರ ಒತ್ತನ್ನೂ ನಿಘಂಟಿನಲ್ಲಿ ನೋಡಿಕೊಳ್ಳಬೇಕು.

ಧ್ವನಿಗಳು ಸರಿಯಾದರೂ ಹೇಳಲು ವಿಷಯ ಬೇಕಷ್ಟೆ. ಬಾಯಿಪಾಠದ ಉತ್ತರ ಇಲ್ಲಿ ಪ್ರಯೋಜನಕ್ಕೆ ಬಾರದು. ಪ್ರಶ್ನೆ ಸ್ವಲ್ಪ ತಿರುಗಿದರೆ ಅದು ಕೈಕೊಡುತ್ತದೆ. ಕಂಡು ತಿಳಿದ ಸಂಗತಿ ಹಾಗೆ ಕೈಬಿಡದು. ಮಂಡ್ಯದವರು ಕಬ್ಬನ್ನು ಅರೆದು, ರಸವನ್ನು ಸುಣ್ಣದಿಂದ ತಿಳಿಗೊಳಿಸಿ, ಕಾಯಿಸಿ, ಹರಳುಗಟ್ಟಿಸುವ ಕ್ರಮವನ್ನು ಹೇಳಲಿ. ಮದ್ದೂರಿನವರಿಗೆ ಶಿವಪುರದ 1938ರ ಧ್ವಜ ಸತ್ಯಾಗ್ರಹವಿದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರವು ಮಳವಳ್ಳಿಯವರಿಗೆ ಸಮೀಪವೇ ಇದೆ. ಮೊದಲು ಏನಾಯಿತು, ಆಮೇಲೆ ಏನಾಯಿತು, ಏಕೆ ಆಯಿತು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡರೆ ವಾಕ್ಯಗಳು ಒಂದರ ಹಿಂದೆ ಒಂದು ಬರುತ್ತವೆ.

ಪ್ರತಿದಿನವೂ ಗೆಳೆಯರೊಬ್ಬರನ್ನು ಪರೀಕ್ಷಕರಂತೆ ಎದುರಿಗೆ ಕೂರಿಸಿಕೊಂಡು 2 ನಿಮಿಷ ಮಾತನಾಡೋಣ. ಅದನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳೋಣ. ದಿನಕ್ಕೆ ಒಂದೇ ತಪ್ಪನ್ನು ಆರಿಸಿ ತಿದ್ದಿಕೊಂಡರೆ ಸಾಕು. ಹೀಗೆ ಮಾಡುವುದರಿಂದ ಮನೆಯ ಮಾತನ್ನು ಕಳೆದುಕೊಳ್ಳಬೇಕಾಗಿಲ್ಲ. ಅಜ್ಜಿಯೊಡನೆ ‘ಆಲು’ ಎನ್ನುವ ನಾಲಗೆಯೇ ಪರೀಕ್ಷಕರ ಮುಂದೆ ‘ಹೀಟ್’ ಎನ್ನಲು ಕಲಿಯಬಲ್ಲದು.